ಅದಲುಬದಲಾದ ಎರಡು ಬಾಟಲಿ

ಸೇಡಂನ ಕಾಲೇಜಿನಲ್ಲಿ ನೀರು ಮತ್ತು ಕಾಡಿನ ಕೆಲಸಗಳ ಬಗ್ಗೆ ವಿದ್ಯಾರ್ಥಿಗಳ ಜೊತೆ ಮಾತಾಡಲು ಕರೆ ಬಂದಾಗ ಒಪ್ಪಿಕೊಂಡುಬಿಟ್ಟೆ. ಆಮೇಲೆ ವಾರವಿಡೀ ಊಟ ಸೇರಲಿಲ್ಲ. ಕುಡಿಯುವ ನೀರಿನ ಪ್ರಯೋಗಾಲಯದಲ್ಲಿ ಹನ್ನೊಂದು ವರ್ಷ ಕೆಲಸ ಮಾಡಿದ್ದರೂ ಮೈಕಿನ ಮುಂದೆ ನಿಂತವಳಲ್ಲ. ಅದಕ್ಕಿಂತ ದೊಡ್ಡ ಅಂಜಿಕೆಯೆಂದರೆ, ನಮ್ಮ ಪ್ರಯೋಗಾಲಯದ ಸಾಹೇಬರೂ ಬರುವವರಿದ್ದರು.

ವಾಡಿಯಲ್ಲಿ ಹತ್ತಿದ ರೈಲು ಚಿತ್ತಾಪುರ ದಾಟುವಷ್ಟರಲ್ಲಿ, ಬರೆದುಕೊಂಡಿದ್ದ ನಾಲ್ಕು ಹಾಳೆಗಳು ಅಂಗೈ ಬೆವರಿಗೆ ಮೆತ್ತಗಾಗಿದ್ದವು.

ವೇದಿಕೆಯಲ್ಲಿ ನನ್ನ ಪಕ್ಕ ಕುಳಿತವರು ಚಿಂಚೋಳಿ ಕಾಡು ಕಾಯುವ ಹಿರಿಯ ವಾಚರ್. ಹೆಗಲ ಮೇಲಿನ ಟವೆಲಿನಿಂದ ಮತ್ತೆ ಮತ್ತೆ ಮುಖ ಒರೆಸಿಕೊಳ್ಳುತ್ತಿದ್ದರು.

“ನಿಮಗೂ ಅಂಜಿಕಿ ಆಗ್ಲಿಕತ್ತದೇನ್ರಿ, ಕಾಕಾ?”

“ಭಾಳ ಆಗ್ಲಿಕತ್ತದವ್ವಾ. ಅಡವ್ಯಾಗ ಒಬ್ಬನೇ ತಿರಗ್ತೀನಿ. ಇಷ್ಟು ಮಂದಿ ಒಮ್ಮೆಗೇ ನನ್ನ ಕಡಿ ಎಂದೂ ನೋಡಿಲ್ಲ.”

ಆದರೂ ಅವರೇ ಮೊದಲು ಎದ್ದರು. ಕಾಡಿನೊಳಗೆ ಒಡ್ಡು ಕಟ್ಟುವ ಜಾಗದಲ್ಲಿದ್ದ ಕತ್ತೆಕಿರುಬದ ಗವಿ ಖಾಲಿಯಿದೆ ಎಂದು ಒಮ್ಮೆ ಹೇಳಿದ್ದರಂತೆ. “ಮರುದಿನ ನೋಡಿದ್ರ ಒಳಗ ಮರಿ ಅದಾವ! ಓಡಿ ಹೋಗಿ ಕೆಲಸ ನಿಂದರಿಸ್ದೆ. ತಪ್ಪು ನಂದೇ ಅಂತ ನಮ್ಮ ರೇಂಜರ್ ಸಾಹೇಬ್ರಿಗೆ ಹೇಳ್ದೆ,” ಎಂದು ಕುಳಿತುಬಿಟ್ಟರು.

ನಾನು ಹಾಳೆ ನೋಡಿಕೊಂಡು ಹೇಗೋ ಮಾತು ಮುಗಿಸಿದೆ. ಆಗ ಚಿಮ್ಮನಚೋಡದ ಹುಡುಗಿಯೊಬ್ಬಳು ಎದ್ದಳು.

“ಮೇಡಂ, ನಿಮ್ಮ ಕೈಲಿಂದ ಎಂದಾದ್ರೂ ತಪ್ಪಾಗ್ಯಾದೇನ್ರಿ?”

ಎರಡು ಬೇಸಿಗೆಯ ಹಿಂದೆ ಕಾಳಗಿ ಕಡೆಯ ಎರಡು ಹಳ್ಳಿಗಳಿಂದ ಬಂದ ಬಾಟಲಿಗಳ ಚೀಟಿಯನ್ನು ನಾನು ಅದಲುಬದಲು ಅಂಟಿಸಿದ್ದೆ. ಅದರಿಂದ ಒಳ್ಳೆಯ ನೀರಿದ್ದ ಊರಿನ ಕೊಳವೆಬಾವಿ ಮುಚ್ಚಿಸಿದರು. ಇನ್ನೊಂದು ಊರಿನವರು ಫ್ಲೋರೈಡ್ ಹೆಚ್ಚಿದ್ದ ನೀರನ್ನು ಎರಡು ವಾರ ಕುಡಿದರು. ಅನುಮಾನ ಬಂದು ಮತ್ತೆ ನೀರು ತರಿಸಿ, ವರದಿ ತಿದ್ದಿದೆ. ಆದರೆ ‘ಮರುಪರೀಕ್ಷೆ’ ಎಂದಷ್ಟೇ ಬರೆದೆ. ತಪ್ಪು ನನ್ನದೆಂದು ಯಾರಿಗೂ ಹೇಳಿರಲಿಲ್ಲ.

ಸಾಹೇಬರು ನನ್ನನ್ನೇ ನೋಡುತ್ತಿದ್ದರು. ‘ಇಲ್ಲ’ ಎಂದರೆ ಮುಗಿಯುತ್ತಿತ್ತು. ತಪ್ಪು ನಂದೇ ಎಂದಿದ್ದ ಕಾಕಾ ಪಕ್ಕದಲ್ಲೇ ಕೂತಿದ್ದರು. ಎಲ್ಲವನ್ನೂ ಹೇಳಿಬಿಟ್ಟೆ.

ಸಾಹೇಬರು ಚಹಾ ಕುಡಿಯದೆ ಹೊರಟುಹೋದರು. ಮರುದಿನ ಭಾನುವಾರವಿಡೀ ಕೆಲಸ ಹೋಯಿತೆಂದೇ ಕಳೆದೆ. ಸೋಮವಾರ ಕರೆದರು.

“ಅವತ್ತೇ ಯಾಕ ಹೇಳಲಿಲ್ಲ?”

“ಅಂಜಿದ್ದೆ, ಸರ್.”

“ಎಲ್ಲಾ ಬರದು ಕೊಡ್ರಿ. ಕೆಟ್ಟ ನೀರು ಕುಡದ ಊರಿಗೂ ಹೋಗಿ ಹೇಳ್ರಿ. ಇನ್ನು ಮ್ಯಾಲ ಚೀಟಿ ಇಬ್ಬರು ನೋಡಬೇಕು.”

ಬರೆದುಕೊಟ್ಟೆ. ಅದು ನನ್ನ ಸೇವಾ ಕಡತದಲ್ಲಿ ಈಗಲೂ ಇದೆ. ಕೆಲಸ ಉಳಿಯಿತು.

ಆ ಹಳ್ಳಿಯಲ್ಲಿ ಪಂಚಾಯ್ತಿ ಸದಸ್ಯೆಯೊಬ್ಬರು ನಾನು ಹೇಳಿದ್ದನ್ನೆಲ್ಲ ನಿಂತೇ ಕೇಳಿದರು. ಬೈಯಲಿಲ್ಲ, ಕೂಡ್ರಿ ಎನ್ನಲೂ ಇಲ್ಲ.

“ಈಗಿನ ನೀರಾದ್ರೂ ಖರೇನೇ ಚಲೋ ಅದೇನು?”

ಅವರ ಕಣ್ಣೆದುರೇ ಮತ್ತೆ ನೀರು ಹಿಡಿದುಕೊಂಡು ಬಂದೆ. ಫಲಿತಾಂಶ ಬರುವವರೆಗೆ ನೆಮ್ಮದಿಯಿರಲಿಲ್ಲ. ನೀರು ಸರಿಯಿತ್ತು. ತಕ್ಷಣ ಆ ಸದಸ್ಯೆಗೆ ಫೋನ್ ಮಾಡಿದೆ.

“ಫೋನಿನ್ಯಾಗ ಬ್ಯಾಡ,” ಎಂದರು ಅವರು. “ಕಾಗದ ತಗೊಂಡು ಬರ್ರಿ, ನಾ ಓದಿ ನೋಡ್ತೀನಿ.”

ಮರುದಿನ ಬೆಳಿಗ್ಗೆ ವರದಿ ಹಿಡಿದು ಕಾಳಗಿ ಬಸ್ಸು ಹತ್ತಿದೆ.