ಸಂದಿ ಮೇಷ್ಟ್ರು ಮುಚ್ಚಿಸಿದ ಕಿಟಕಿ

ನಮ್ಮ ಯಜಮಾನರಿಗೆ ಈ ಬೀದಿಯಲ್ಲಿ ಸಂದಿ ಮೇಷ್ಟ್ರು ಎಂದೇ ಹೆಸರು. ಅವರು ಯಾರಿಗೂ ಪಾಠ ಹೇಳಿದವರಲ್ಲ. ಯಾರ ಮನೆಗೆ ಹೋದರೂ ಕೂರುವ ಮೊದಲು ಕಿಟಕಿಯ ಚೌಕಟ್ಟಿನ ಸುತ್ತ ಅಂಗೈ ಆಡಿಸಿ, "ಇಲ್ಲೊಂದು ಸಂದಿ ಇದೆ ನೋಡಿ" ಎಂದು ಶುರು ಮಾಡುತ್ತಾರೆ, ಅಷ್ಟೇ. ಮದುವೆಯಾದ ಹೊಸದರಲ್ಲಿ ನನ್ನ ತವರಿನಲ್ಲೂ ಹೀಗೇ ಮಾಡಿದ್ದರು. ಚಿಕ್ಕಪ್ಪ ನನ್ನನ್ನು ಪಕ್ಕಕ್ಕೆ ಕರೆದು, "ನಿನ್ನ ಗಂಡ ಊಟಕ್ಕೆ ಬಂದಿದ್ದಾನೋ, ಮನೆ ಕೊಳ್ಳೋಕೆ ಬಂದಿದ್ದಾನೋ?" ಎಂದು ಕೇಳಿದ್ದರು. ನಾಚಿಕೆಯಿಂದ ನಾನು ಅಡುಗೆಮನೆ ಬಿಟ್ಟು ಹೊರಗೆ ಬಂದಿರಲಿಲ್ಲ.

ಅವರ ಕಸುಬೇ ಅದು, ಕಟ್ಟಡಗಳ ಬಿಸಿ ಎಲ್ಲಿ ಪೋಲಾಗುತ್ತಿದೆ ಎಂದು ಪತ್ತೆ ಹಚ್ಚುವುದು. ಅದಕ್ಕೊಂದು ಕ್ಯಾಮೆರಾ ಇದೆ. ನಾವು ಕಾಣುವ ಬೆಳಕನ್ನಲ್ಲ, ವಸ್ತುಗಳ ಮೈಯಿಂದ ಹೊರಡುವ ಶಾಖವನ್ನು ಅದು ಹಿಡಿಯುತ್ತದೆ. ತಣ್ಣಗಿದ್ದದ್ದು ನೀಲಿ, ಬೆಚ್ಚಗಿದ್ದದ್ದು ಹಳದಿ, ಸುಡುವಂಥದ್ದು ಬಿಳಿ. ಚಳಿಗಾಲದಲ್ಲಿ ಒಳಗೆ ಹೀಟರ್ ಉರಿಯುವ ಕಟ್ಟಡವನ್ನು ಬೀದಿಯಿಂದ ನೋಡಿದರೆ ಗೋಡೆ ನೀಲಿಯಾಗಿರಬೇಕು. ಎಲ್ಲಿ ಹಳದಿ ಗೀಟು ಕಂಡಿತೋ ಅಲ್ಲಿಂದ ಒಳಗಿನ ಬಿಸಿ ಹೊರಗೆ ಸೋರುತ್ತಿದೆ ಎಂದರ್ಥ. ಬಿಸಿಲು ಬಿದ್ದರೆ ಗೋಡೆ ತಾನೇ ಕಾದು ಲೆಕ್ಕವೆಲ್ಲ ತಪ್ಪುತ್ತದೆ. ಹಾಗಾಗಿ ಬೆಳಕು ಹರಿಯುವ ಹೊತ್ತಿಗೇ ಮಫ್ಲರ್ ಸುತ್ತಿಕೊಂಡು ಹೊರಡುತ್ತಿದ್ದರು.

ಆ ಕ್ಯಾಮೆರಾ ಗೋಡೆಯಾಚೆ ಏನಿದೆ ಎಂದೂ ತೋರಿಸುತ್ತದೆ ಅಂತ ಜನರ ನಂಬಿಕೆ. ಎದುರು ಮನೆಯಾಕೆ ಸ್ನಾನದ ಕೋಣೆಯ ಕಿಟಕಿಗೆ ಕಂಬಳಿ ಕಟ್ಟಿದ್ದಳು. "ಅದು ಗೋಡೆಯ ಮೈ ಮಾತ್ರ ನೋಡುತ್ತೆ ಕಣ್ರೀ, ನಿಮ್ಮ ಮೈ ಅಲ್ಲ" ಎಂದು ನಾನೇ ಹೋಗಿ ಹೇಳಿದೆ. ಅವತ್ತಿನಿಂದ ಆಕೆ ನನ್ನ ಹತ್ತಿರ ಬಟ್ಟೆ ಹೊಲಿಸುವುದನ್ನೇ ಬಿಟ್ಟಳು. ನನ್ನ ಬಾಯಿ ಹಾಗೆ, ಏನು ಮಾಡಲಿ. ಇವರು ಅದಕ್ಕೆ ತದ್ವಿರುದ್ಧ. ಮನಸ್ಸು ಬೆಣ್ಣೆ. ಯಾರಾದರೂ ಕೈಮುಗಿದರೆ ಇಲ್ಲ ಎನ್ನಲು ಇವರಿಗೆ ನಾಲಿಗೆ ಏಳುವುದಿಲ್ಲ. ಕೆಲಸದಲ್ಲಿ ಮಾತ್ರ ಎಲ್ಲಿಲ್ಲದ ಕಟ್ಟುನಿಟ್ಟು, ಕಣ್ಣಿಗೆ ಬಿದ್ದ ಸಂದಿಯನ್ನು ಬಿಟ್ಟುಬಿಡುವುದು ಅವರ ಜಾಯಮಾನದಲ್ಲೇ ಇಲ್ಲ. ಈ ಎರಡು ಗುಣಗಳು ಇಷ್ಟು ವರ್ಷ ಒಂದರ ತಂಟೆಗೆ ಇನ್ನೊಂದು ಹೋಗದೆ ಇದ್ದವು.

ಕಳೆದ ಚಳಿಗಾಲದ ಆರಂಭದಲ್ಲಿ ಒಂದು ಹಳೆಯ ಆರು ಮಹಡಿಯ ಕಚೇರಿ ಕಟ್ಟಡದ ಕೆಲಸ ಬಂತು. ಎಲ್ಲೆಲ್ಲಿ ಸೋರುತ್ತಿದೆ ಎಂದು ಇವರು ಚಿತ್ರ ತೆಗೆದು ತೋರಿಸಬೇಕು. ಆಮೇಲೆ ಬೇರೆ ಕೆಲಸಗಾರರು ಹೊರಗಿನಿಂದ ಹಲಗೆ ಇಳಿಬಿಟ್ಟುಕೊಂಡು ಆ ಸಂದಿಗಳಿಗೆಲ್ಲ ಉಬ್ಬಿ ಗಟ್ಟಿಯಾಗುವ ಫೋಮ್ ತುಂಬುತ್ತಾರೆ. ಕೊನೆಗೆ ಇವರು ಮತ್ತೆ ಹೋಗಿ, ಎಲ್ಲ ಸರಿಯಾಗಿ ಮುಚ್ಚಿದೆ ಎಂದು ಒಪ್ಪಬೇಕು. ಅದು ಪದ್ಧತಿ.

ಮೊದಲ ದಿನವೇ ಮೇಲಿನ ಮಹಡಿಯ ತುದಿಯ ಒಂದು ಸಣ್ಣ ಕಿಟಕಿ ಇವರ ಕಣ್ಣು ಕುಕ್ಕಿತು. ನಕ್ಷೆಯ ಪ್ರಕಾರ ಅದು ಮುರಿದ ಸಾಮಾನಿನ ಕೋಣೆ, ಅಲ್ಲಿ ಹೀಟರೇ ಇಲ್ಲ. ಪರದೆಯ ಮೇಲೆ ಮಾತ್ರ ಕಿಟಕಿಯ ಗಾಜು ಬೆಚ್ಚಗೆ, ಚೌಕಟ್ಟಿನ ಸುತ್ತ ಹಳದಿ ಗೀಟು, ಅದರ ಮೇಲಿನ ಗಾಳಿಗಂಡಿ ದೀಪ ಹಚ್ಚಿಟ್ಟ ಹಾಗೆ ಬೆಳ್ಳಗೆ. ಎಲ್ಲೋ ತಂತಿ ಕಾಯುತ್ತಿದೆ, ಬೆಂಕಿ ಹತ್ತೀತು ಎಂದು ಹೆದರಿ ಮೆಟ್ಟಿಲು ಹತ್ತಿದರು.

ಬಾಗಿಲು ತೆರೆದವಳು ಆ ಕಟ್ಟಡದ ನೆಲ ಒರೆಸುವ ಹೆಂಗಸು. ಅವಳ ಹಿಂದೆ ಎರಡು ಹಳೆಯ ಮೇಜು ಜೋಡಿಸಿ ಮಾಡಿದ ಮಂಚದ ಮೇಲೆ ಅವಳ ತಾಯಿ ಮಲಗಿದ್ದರು. ಕಾಲು ಬಿದ್ದುಹೋದ ಮುದುಕಿ. ಮಂಚದ ಬುಡದಲ್ಲಿ ಇದ್ದಿಲ ಅಗ್ಗಿಷ್ಟಿಕೆ, ಅದರ ಮೇಲೆ ನೀರಿನ ಪಾತ್ರೆ. ಮುರಿದ ಕುರ್ಚಿಗಳ ರಾಶಿಯ ಮೇಲೆ ಒಗೆದ ಸೀರೆಗಳನ್ನು ಹರವಿದ್ದರು.

"ಅಣ್ಣಾ, ನೀವು ಮ್ಯಾನೇಜರ್ ಕಡೆಯವರಾ?"

"ಅಲ್ಲಮ್ಮ, ನಾನು ಗೋಡೆ ನೋಡೋಕೆ ಬಂದೋನು."

"ಹಾಗಾದ್ರೆ ಗೋಡೆ ಮಾತ್ರ ನೋಡಿ ಅಣ್ಣಾ, ನಮ್ಮನ್ನ ನೋಡ್ಬೇಡಿ. ಈ ಚಳಿ ಕಳೆಯೋವರೆಗೆ. ನನಗೊಬ್ಬಳಿಗಾದ್ರೆ ಎಲ್ಲಾದ್ರೂ ಜಾಗ ಸಿಗುತ್ತೆ. ಮಲಗಿದಲ್ಲೇ ಇರೋ ಅಮ್ಮನ್ನ ಯಾರು ಸೇರಿಸ್ಕೋತಾರೆ?"

ರಸ್ತೆ ಅಗಲ ಮಾಡುವಾಗ ಅವರಿದ್ದ ವಠಾರ ಒಡೆದುಹಾಕಿದ್ದರಂತೆ. ಮುದುಕಿ ಕಣ್ಣು ಬಿಡದೆಯೇ, "ಬಾಗಿಲು ಹಾಕಪ್ಪ, ಥಂಡಿ ಬರುತ್ತೆ" ಎಂದರಂತೆ. ಇವರು ಮಾತು ಮೀರದ ಮಗನ ಹಾಗೆ ಬಾಗಿಲು ಹಾಕಿದರು. ಹೊರಡುವಾಗ, ಯಾರಿಗೂ ಹೇಳುವುದಿಲ್ಲ ಎಂದು ಮಾತು ಕೊಟ್ಟು ಬಂದರು.

ಮನೆಗೆ ಬಂದು ನನ್ನ ಹೊಲಿಗೆ ಯಂತ್ರದ ಪಕ್ಕ ಕುಳಿತು ಎಲ್ಲ ಹೇಳಿದರು. ಆಗ ನಾನು ಒಳ್ಳೆಯದಾಯಿತು ಎಂದೇ ಅಂದುಕೊಂಡೆ. ಬೆಚ್ಚಗಿನ ಗಾಜಿಗೆ ಏನೆಂದು ಕಾರಣ ಕೊಡುತ್ತೀರಿ ಎಂದು ಕೇಳಿದೆ. ಅದಕ್ಕೂ ಅವರ ಕಸುಬಿನಲ್ಲಿ ಒಂದು ದಾರಿಯಿತ್ತು. ಗಾಜು, ತಗಡು ಇಂಥವು ಎದುರಿಗಿರುವ ಬೇರೆ ಯಾವುದರದೋ ಶಾಖವನ್ನು ಕನ್ನಡಿಯಂತೆ ತೋರಿಸುತ್ತವೆ. ಕೆಲಸ ಕಲಿಯುವಾಗ ಇವರೇ ಒಂದು ಸ್ಟೀಲ್ ಬಾಗಿಲಿನಲ್ಲಿ ಕಂಡ ಹಳದಿ ಮನುಷ್ಯನನ್ನು ದೊಡ್ಡ ಸೋರಿಕೆ ಎಂದು ಬರೆದು ನಗೆಪಾಟಲಾಗಿದ್ದರು, ಅದು ಅವರದೇ ಪ್ರತಿಬಿಂಬ. ಈಗ ವರದಿಯಲ್ಲಿ ಆ ಕಿಟಕಿಯ ಮುಂದೆ, "ಖಾಲಿ ಕೋಣೆ, ಕಂಡದ್ದು ಎದುರು ಕಟ್ಟಡದ ಪ್ರತಿಫಲನ" ಎಂದು ಬರೆದರು. ಅಷ್ಟಕ್ಕೆ ನಿಲ್ಲಿಸಿದ್ದರೆ ಈ ಕಥೆ ಹೇಳುವ ಗತಿ ನನಗೆ ಬರುತ್ತಿರಲಿಲ್ಲ. ಕೆಳಗಿನ ಸಾಲಿನಲ್ಲಿ, ಚೌಕಟ್ಟಿನ ಸಂದಿಯನ್ನೂ ಗಾಳಿಗಂಡಿಯನ್ನೂ ಮುಚ್ಚಬೇಕು ಎಂದು ಸೇರಿಸಿದರು. ಸಂದಿ ಇದ್ದದ್ದು ನಿಜ ತಾನೇ? ಅದನ್ನು ಬಿಡಲು ಅವರ ಕೈ ಒಪ್ಪಲಿಲ್ಲ. ಜೊತೆಗೆ, ಮುದುಕಿಗೆ ಥಂಡಿ ತಪ್ಪುತ್ತದಲ್ಲ ಎಂಬ ಸಮಾಧಾನ ಬೇರೆ.

ಸಂದಿ ಮುಚ್ಚಿಸುವ ಮೊದಲು ಈ ಕಸುಬಿನವರು ಎಲ್ಲ ಮನೆಯಲ್ಲೂ ಕೇಳಲೇಬೇಕಾದ ಪ್ರಶ್ನೆಯೊಂದಿದೆ. ಒಳಗೆ ಏನು ಉರಿಸುತ್ತೀರಿ, ಅದರ ಗಾಳಿ ಎಲ್ಲಿಂದ ಹೊರಗೆ ಹೋಗುತ್ತದೆ? ಮುಚ್ಚಿದ ಕೋಣೆಯಲ್ಲಿ ಕೆಂಡ ಇಟ್ಟರೆ ಹುಟ್ಟುವ ವಿಷಗಾಳಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಅವರ ಕ್ಯಾಮೆರಾಕ್ಕೂ ಅದು ಕಾಣುವುದಿಲ್ಲ. ನಮ್ಮ ಒಲೆಯ ಮೇಲಿನ ಕಿಂಡಿಗೆ ನಾನು ಒಮ್ಮೆ ಬಟ್ಟೆ ತುರುಕಿದ್ದಕ್ಕೆ ಎರಡು ದಿನ ನನ್ನೊಡನೆ ಮಾತು ಬಿಟ್ಟ ಮನುಷ್ಯ ಅವರು. ಅಂಥವರಿಗೆ ಆ ಅಗ್ಗಿಷ್ಟಿಕೆ ಹೇಗೆ ಮರೆತುಹೋಯಿತು? ನಾನು ಬಹಳ ಸಲ ಕೇಳಿದ್ದೇನೆ, ಕೂಗಾಡಿಯೂ ಕೇಳಿದ್ದೇನೆ. ಖಾಲಿ ಎಂದು ಬರೆದ ಮೇಲೆ ಆ ಕೋಣೆ ತನ್ನ ತಲೆಯಲ್ಲೂ ಖಾಲಿಯಾಗಿಯೇ ಉಳಿಯಿತು, ಖಾಲಿ ಕೋಣೆಯಲ್ಲಿ ಏನು ಉರಿಯುತ್ತದೆ ಎಂದು ಯಾರೂ ಕೇಳುವುದಿಲ್ಲವಲ್ಲ ಎನ್ನುತ್ತಾರೆ.

ಫೋಮ್ ಕೆಲಸ ಕೆಳಗಿನಿಂದ ಮೇಲಕ್ಕೆ ನಡೆಯಿತು. ತುದಿಯ ಕಿಟಕಿ ಮುಗಿದ ಮಾರನೆಯ ದಿನ ಬೆಳಗಿನ ಜಾವವೇ ಇವರು ಒಪ್ಪಿಗೆಯ ಚಿತ್ರ ತೆಗೆಯಲು ಹೋದರು. ಆ ಹೆಂಗಸು ಕೆಳಗಿನ ಹಜಾರ ಒರೆಸುತ್ತಿದ್ದಳು. ಇವರನ್ನು ಕಂಡವಳೇ ಕೋಲು ಗೋಡೆಗೆ ಒರಗಿಸಿ ಹತ್ತಿರ ಬಂದಳು.

"ನಿಮ್ಮ ಪುಣ್ಯ ಅಣ್ಣಾ, ಆ ಸುಳಿಗಾಳಿ ನಿಂತೇ ಹೋಯ್ತು. ಅವರು ಹೊರಗಡೆ ಕೆಲಸ ಮಾಡೋವಾಗ ನಾವು ಪರದೆ ಎಳ್ಕೊಂಡು ಸುಮ್ನೆ ಕೂತಿದ್ವಿ. ಅಮ್ಮ ಇಷ್ಟು ದಿನಕ್ಕೆ ಇವತ್ತೇ ಹೀಗೆ ನಿದ್ದೆ ಮಾಡ್ತಿರೋದು, ಇನ್ನೂ ಎದ್ದೇ ಇಲ್ಲ."

"ಸದ್ಯ, ಒಳ್ಳೇದಾಯ್ತಮ್ಮ. ನೀನ್ಯಾಕೆ ಹಣೆ ಉಜ್ಕೋತಿದ್ದೀಯ?"

"ಯಾಕೋ ತಲೆ ಸಿಡೀತಿದೆ ಅಣ್ಣಾ. ಹೊಟ್ಟೆ ತೊಳಸ್ತಿದೆ. ಥಂಡೀಲಿ ಎದ್ದಿದ್ದಕ್ಕಿರಬೇಕು."

ಇವರು ಜೇಬಿನಲ್ಲಿದ್ದ ತಲೆನೋವಿನ ಮಾತ್ರೆ ಕೊಟ್ಟು ಬೀದಿಗೆ ಹೋದರು. ಮ್ಯಾನೇಜರ್ ಆಗಲೇ ಕೈಕಟ್ಟಿಕೊಂಡು ನಿಂತಿದ್ದ. ಪರದೆಯ ಮೇಲೆ ಇಡೀ ಗೋಡೆ ನೀಲಿ. "ಏನ್ ಮೇಷ್ಟ್ರೇ, ಒಂದು ಗೀಟಾದ್ರೂ ಸಿಗುತ್ತಾ ಹುಡುಕಿ ನೋಡೋಣ" ಎಂದು ಬೀಗಿದ. ಇವರು ಹುಡುಕಿದರು, ಒಂದೂ ಇರಲಿಲ್ಲ. ತುದಿಯ ಕಿಟಕಿಗೆ ಬಂದಾಗ ಸುತ್ತಲಿನ ಹಳದಿ ಮಾಯವಾಗಿತ್ತು, ಗಾಳಿಗಂಡಿ ನೀಲಿಯಾಗಿತ್ತು. ಗಾಜು ಮಾತ್ರ ಇನ್ನೂ ಬೆಚ್ಚಗಿತ್ತು.

ಒಳಗೆ ಕೆಂಡ ಉರಿಯುತ್ತಿದೆ, ಹೊರಗೆ ಏನೂ ಬರುತ್ತಿಲ್ಲ. ಆ ತಲೆನೋವು, ಇನ್ನೂ ಏಳದ ಮುದುಕಿ ಎಲ್ಲ ಒಟ್ಟಿಗೇ ನೆನಪಾಯಿತು. ಲಿಫ್ಟಿಗೂ ಕಾಯದೆ ಮೆಟ್ಟಿಲುಗಳನ್ನು ಹಾರುತ್ತ ಹತ್ತಿದರು. ಕಿಟಕಿಯ ಕದಗಳು ಫೋಮಿಗೆ ಅಂಟಿಕೊಂಡು ಕದಲಲಿಲ್ಲ. ಕುತ್ತಿಗೆಯಲ್ಲಿದ್ದ ಕ್ಯಾಮೆರಾ ಬಿಚ್ಚಿ ಗಾಜಿಗೆ ಬೀಸಿ ಹೊಡೆದರು. ಮುದುಕಿಯನ್ನು ಎತ್ತಿಕೊಂಡು ಕೆಳಗಿಳಿದವರು ಹಜಾರದ ಒದ್ದೆ ನೆಲದ ಮೇಲೆ ಜಾರಿ ಮಂಡಿಯೂರಿದರು. ಮಗಳು, "ಅಮ್ಮ ಯಾಕೆ ಹೀಗೆ ಕೆಂಪಗಾಗಿದ್ದಾರೆ? ಚಳಿ ಬಿಟ್ಟಿದೆಯಲ್ಲ? ಎಬ್ಬಿಸಿ ಅಣ್ಣಾ" ಎನ್ನುತ್ತಲೇ ಇದ್ದಳಂತೆ. ಆ ಕೆಂಪು ವಿಷಗಾಳಿಯದು, ಪ್ರಾಣ ಹೋಗಿ ಹೊತ್ತಾಗಿದೆ ಎಂದರು ಆಸ್ಪತ್ರೆಯವರು.

ಅವತ್ತು ಸಂಜೆಯೇ ಮ್ಯಾನೇಜರ್ ಫೋನ್ ಮಾಡಿದ. "ನೀವು ಖಾಲಿ ಕೋಣೆ ಅಂತ ಬರ್ದಿದ್ದು ನಮ್ಮಿಬ್ಬರನ್ನೂ ಉಳಿಸ್ತು ಮೇಷ್ಟ್ರೇ. ಕದ್ದು ಸೇರ್ಕೊಂಡಿದ್ರು, ಅವರ ಹಣೆಬರಹ. ನೀವು ಬಾಯಿ ಬಿಡ್ಬೇಡಿ." ನಾನು ಫೋನ್ ಕಿತ್ತುಕೊಂಡು ಬಾಯಿಗೆ ಬಂದದ್ದನ್ನೆಲ್ಲ ಅಂದೆ. ಇವರು ಮರುದಿನ ಬೆಳಿಗ್ಗೆ ಶರ್ಟಿಗೆ ಇಸ್ತ್ರಿ ಹಾಕಿಸಿಕೊಂಡು ಠಾಣೆಗೆ ಹೋಗಿ, ಅಲ್ಲಿ ಜನ ಇದ್ದದ್ದು ತನಗೆ ಗೊತ್ತಿತ್ತು, ಗೊತ್ತಿದ್ದೂ ಸುಳ್ಳು ಬರೆದೆ ಎಂದು ಹೇಳಿದರು. ಪರವಾನಗಿ ಹೋಯಿತು. ಕೇಸು ಇನ್ನೂ ನಡೆಯುತ್ತಿದೆ. ಈಗ ಅವರು ಯಾರ ಮನೆಗೆ ಹೋದರೂ ಕೈ ಜೇಬಿನಲ್ಲಿಟ್ಟುಕೊಂಡೇ ಕೂರುತ್ತಾರೆ. ಸಂದಿ ಮೇಷ್ಟ್ರೇ ಎಂದು ಯಾರಾದರೂ ಕರೆದರೆ ನನಗೆ ಮೈಯೆಲ್ಲ ಉರಿಯುತ್ತದೆ.

ಆ ಮುದುಕಿಯ ಮಗಳಿಗೆ ಒಂಟಿ ಹೆಂಗಸರ ಹಾಸ್ಟೆಲಿನಲ್ಲಿ ಒಂದು ಮಂಚ ಸಿಕ್ಕಿತ್ತು. ಠಾಣೆಯಲ್ಲಿ ನಡೆದದ್ದನ್ನು ಹೇಳಿ ಬರಬೇಕೆಂದು ಇವರು ಹೊರಟಾಗ ನಾನೂ ಜೊತೆಗೆ ಹೋದೆ. ಆಕೆ ಗೇಟಿನ ಬಳಿ ಬಂದು ನಿಂತಳು. ಇವರು ತಲೆ ತಗ್ಗಿಸಿಕೊಂಡೇ ಎಲ್ಲ ಹೇಳಿದರು. "ನಿಮಗೆ ತೊಂದ್ರೆ ಆಗ್ಬಾರ್ದು ಅಂತ ಹಾಗೆ ಬರೆದೆ ಕಣಮ್ಮ" ಎಂದರು.

"ಗೊತ್ತು ಅಣ್ಣಾ, ಬೇಡ್ಕೊಂಡಿದ್ದು ನಾನೇ ತಾನೆ" ಎಂದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟು ಮಾಡಿದ್ದರೆ ಇವರಿಗೆ ಎಷ್ಟೋ ವಾಸಿಯಿತ್ತು.

"ಆದ್ರೂ ಮಲಗಿದಾಗೆಲ್ಲ ಒಂದೇ ಯೋಚ್ನೆ ಬರುತ್ತೆ ಅಣ್ಣಾ. ನೀವು ಇದ್ದದ್ದು ಇದ್ದ ಹಾಗೆ ಬರ್ದಿದ್ರೆ ನಮ್ಮನ್ನ ಬೀದಿಗೆ ಹಾಕ್ತಿದ್ರು. ಬೀದೀಲಿ ಅಮ್ಮಂಗೆ ಗಾಳಿ ಇರ್ತಿತ್ತು."