ಅಕ್ಕ ಬ್ರೇಕ್ ನೋಡಿಕೊಟ್ಟ ಶನಿವಾರ

ಕೊಟ್ಟೂರಿನಲ್ಲಿ ಅಪ್ಪನ ಗ್ಯಾರೇಜು ಇದ್ದಾಗ ಅಲ್ಲಿ ಅವರ ಬಲಗೈ ಅಕ್ಕನೇ. ನಾನು ಪುಸ್ತಕ ಹಿಡಿದು ಮನೆಯಲ್ಲಿ ಕೂತವಳು. ಅವಳು ತೋಳು ಮಡಚಿಕೊಂಡು ಗಾಡಿಯ ಕೆಳಗೆ ನುಗ್ಗುವವಳು. ಮದುವೆಯಾಗಿ ಹರಪನಹಳ್ಳಿಗೆ ಹೋದ ಮೇಲೆ ಅವಳು ಸ್ಪ್ಯಾನರ್ ಮುಟ್ಟಲಿಲ್ಲ. ಅಪ್ಪ ತೀರಿಕೊಂಡ ವರ್ಷ ಗ್ಯಾರೇಜಿನ ಶೆಡ್ ಖಾಲಿ ಮಾಡಬೇಕಾಗಿ ಬಂತು. ನಾನು ಅವಳನ್ನು ಒಂದು ಮಾತೂ ಕೇಳದೆ ಅಪ್ಪನ ಸಾಮಾನನ್ನೆಲ್ಲ ಗುಜರಿಯವನಿಗೆ ಹಾಕಿಬಿಟ್ಟೆ. ಸುದ್ದಿ ತಿಳಿದಾಗ ಅಕ್ಕ ಬೈಯಲಿಲ್ಲ, ಫೋನ್ ಮಾಡುವುದನ್ನು ನಿಲ್ಲಿಸಿದಳು. ಎರಡು ವರ್ಷ ಹಾಗೇ ಹೋಯಿತು. ಎಷ್ಟೋ ಸಂಜೆ ಅವಳ ನಂಬರ್ ತೆಗೆದು ನೋಡಿ ಮತ್ತೆ ಮುಚ್ಚಿಟ್ಟಿದ್ದೇನೆ.

ಕಳೆದ ವರ್ಷ ಒಂದು ಶನಿವಾರ ನಾನು ಪಾಠ ಮಾಡುವ ಉಜ್ಜಿನಿಯ ಶಾಲೆ ಮುಗಿಸಿ ನನ್ನ ಹಳೆಯ ಕಾರಿನಲ್ಲಿ ಊರಿಗೆ ಬರುತ್ತಿದ್ದೆ. ಕೊಟ್ಟೂರು ಇನ್ನೂ ಸ್ವಲ್ಪ ದೂರವಿರುವಾಗ ಕುರಿ ಹಿಂಡು ಅಡ್ಡ ಬಂತು. ಬ್ರೇಕ್ ಒತ್ತಿದೆ, ಪೆಡಲ್ ಸೀದಾ ತಳ ಮುಟ್ಟಿತು. ಬಿಟ್ಟು ಬಿಟ್ಟು ಒತ್ತಿದೆ, ಗೇರ್ ಇಳಿಸಿದೆ, ಹ್ಯಾಂಡ್ ಬ್ರೇಕನ್ನು ನಿಧಾನಕ್ಕೆ ಎಳೆದೆ. ಎಲ್ಲ ಅಕ್ಕ ಎಂದೋ ಹೇಳಿಕೊಟ್ಟಿದ್ದು. ಕಾರು ಕುರಿಗಳಿಂದ ಒಂದು ಮಾರು ಈಚೆಗೆ ನಿಂತಿತು. ಯೋಚಿಸದೆ ಅವಳಿಗೇ ಫೋನ್ ಹಚ್ಚಿದೆ.

ಪೆಟ್ಟಾಯಿತೇ ಎಂದು ಮೊದಲು ಕೇಳಿದಳು. ಇಲ್ಲ ಅಂದಮೇಲೆ ಅಪ್ಪನ ದನಿಯಲ್ಲೇ ವಿಚಾರಿಸತೊಡಗಿದಳು. ಬ್ರೇಕ್ ಕಿರುಗುಟ್ಟುತ್ತಿತ್ತೇ? ಹಾಗಿದ್ದರೆ ಪ್ಯಾಡ್ ಸವೆದಿರುತ್ತದೆ. ಒಂದು ಕಡೆಗೆ ಎಳೆಯುತ್ತಿತ್ತೇ? ಹಾಗಿದ್ದರೆ ಒಂದು ಗಾಲಿಯ ಬ್ರೇಕ್ ಸಿಕ್ಕಿಹಾಕಿಕೊಂಡಿರಬಹುದು. ಎರಡೂ ಇಲ್ಲ, ವಾರದಿಂದ ಪೆಡಲ್ ಮೆತ್ತಗಾಗಿತ್ತು ಎಂದೆ.

"ಹಂಗಾರ ಎಣ್ಣಿ ಸೋರೈತಿ. ಗಾಲಿ ಒಳಮೈ ನೋಡು."

ಹಿಂದಿನ ಎಡಗಾಲಿ ಒಳಗಡೆ ಒದ್ದೆಯಾಗಿತ್ತು.

"ಇನ್ನ ಗಾಡಿ ಓಡಿಸಬ್ಯಾಡ. ನಾ ಬರ್ತೀನಿ."

ಬಿಸಿಲು ಇಳಿಯುವ ಹೊತ್ತಿಗೆ, ಕೊಟ್ಟೂರಿನವರೆಗೆ ಬಸ್ಸಿನಲ್ಲಿ ಬಂದು, ಅಲ್ಲಿಂದ ಮೆಕ್ಯಾನಿಕ್ ಒಬ್ಬರನ್ನು ಆಟೋದಲ್ಲಿ ಕೂರಿಸಿಕೊಂಡು ಬಂದಳು. ಅವಳ ಕೂದಲು ಬೆಳ್ಳಗಾಗಿತ್ತು. ನನಗೆ ಗೊತ್ತೇ ಇರಲಿಲ್ಲ. ಮೆಕ್ಯಾನಿಕ್ ಗಾಲಿ ಬಿಚ್ಚಿ, ಒಳಗೆ ಬ್ರೇಕನ್ನು ತಳ್ಳುವ, ಸೋರುತ್ತಿದ್ದ ಪುಟ್ಟ ಸಿಲಿಂಡರ್ ಬದಲಿಸಿ, ಹೊಸ ಎಣ್ಣೆ ಹಾಕಿದರು. ಕಾಲಿನ ಒತ್ತಡ ಗಾಲಿಗೆ ಮುಟ್ಟುವುದು ಪೈಪಿನ ಎಣ್ಣೆಯಿಂದಲೇ; ಎಣ್ಣೆ ಕುಗ್ಗುವುದಿಲ್ಲ, ನಡುವೆ ಗಾಳಿ ಸೇರಿದರೆ ಅದು ಕುಗ್ಗಿ ಒತ್ತಡವನ್ನೆಲ್ಲ ನುಂಗುತ್ತದೆ. ಆ ಗಾಳಿ ತೆಗೆಯಲು ಇಬ್ಬರು ಬೇಕು. ಅಕ್ಕ ಮೆಕ್ಯಾನಿಕ್ ಕೈಯಿಂದ ಸ್ಪ್ಯಾನರ್ ಇಸಿದುಕೊಂಡು ಸೀರೆಯ ಸೆರಗು ಸಿಕ್ಕಿಸಿ ಗಾಲಿಯ ಹಿಂದೆ ಕೂತಳು. ನನ್ನನ್ನು ಸೀಟಿಗೆ ಕಳಿಸಿದಳು.

ನಾನು ಪೆಡಲನ್ನು ಮೂರು ಸಲ ಒತ್ತಿ ಹಿಡಿದೆ. ಅವಳು ಗಾಳಿ ಬಿಡುವ ತಿರುಪು ಸಡಿಲಿಸಿದಳು. ಗುಳ್ಳೆಗಳ ಜೊತೆ ಎಣ್ಣೆ ಬಂತು.

"ನಾ ಬಿಗಿ ಮಾಡೋಮಟ ಬಿಡಬ್ಯಾಡ. ಬಿಟ್ರ ಗಾಳಿ ತಿರುಗಿ ಒಳಗ ಹೊಕ್ಕತೈತಿ."

ಅವಳ ಮುಖ ಕಾಣುತ್ತಿರಲಿಲ್ಲ, ದನಿ ಮಾತ್ರ. ಆ ಧೈರ್ಯದಲ್ಲೇ ಹೇಳಿದೆ: "ಅಪ್ಪನ ಸಾಮಾನು ಕೊಟ್ಟಿದ್ದು ತಪ್ಪಾತಕ್ಕ."

"ಒಂದು ಸ್ಪ್ಯಾನರಾದ್ರೂ ನನಗ ಇಡಬೇಕಿತ್ತು ನೀನು," ಎಂದಳು. ಆಮೇಲೆ ತಿರುಪು ಬಿಗಿದು, "ಹ್ಞೂಂ, ಈಗ ಬಿಡು," ಎಂದಳು.

ನಾಲ್ಕೂ ಗಾಲಿ ಮುಗಿದಾಗ ಪೆಡಲ್ ಗಟ್ಟಿಯಾಗಿತ್ತು. ಕೊಟ್ಟೂರಿನವರೆಗೆ ಅವಳೇ ಓಡಿಸಿದಳು. ಮನೆಗೆ ಬಾ, ಉಂಡು ಹೋಗು ಎಂದೆ. ಮಕ್ಕಳು ಕಾಯುತ್ತಿರುತ್ತವೆ ಎಂದು ಹರಪನಹಳ್ಳಿ ಬಸ್ ಹತ್ತಿದಳು. ಈಗ ಆಗೊಮ್ಮೆ ಈಗೊಮ್ಮೆ ಫೋನ್ ಮಾಡುತ್ತಾಳೆ. ಕಾರು ಹೇಗಿದೆ ಎಂದೇ ಮಾತು ಶುರು. ಚೆನ್ನಾಗಿದೆ ಎನ್ನುತ್ತೇನೆ. ಏನಾದರೂ ಕೆಟ್ಟಿದ್ದರೆ ಬರುತ್ತಿದ್ದಳೇನೋ ಅನಿಸುತ್ತದೆ.