ಕಟ್ಟು ಅಂದರೆ ಕಟ್ ಅಂತ ಕೇಳಿಸಿತು

ನಮ್ಮ ಕಾರು ನೆಲದಿಂದ ಬಹಳ ಎತ್ತರ. ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡಾಗ ಶಿಡ್ಲಘಟ್ಟದ ಸುತ್ತಿನ ಹಳ್ಳಿ ದಾರಿಗಳಿಗೆ ಅದೇ ಸರಿ ಎಂದು ಹಿಗ್ಗಿದ್ದೆವು. ಅತ್ತೆಯ ಮೊಣಕಾಲು ಕೈಕೊಟ್ಟ ಮೇಲೆ ಅದೇ ಎತ್ತರ ಕಷ್ಟಕ್ಕಿಟ್ಟುಕೊಂಡಿತು. ಚಿಕ್ಕಬಳ್ಳಾಪುರದ ಡಾಕ್ಟರಿಗೆ ತೋರಿಸಲು ಹೊರಟರೆ ಅಡುಗೆಮನೆಯ ಮಣೆ ಇಟ್ಟು, ಮುಂದಿನಿಂದ ಇವರು, ಹಿಂದಿನಿಂದ ನಾನು ಹಿಡಿದು ಹತ್ತಿಸಬೇಕು. ಒಂದು ದಿನ ಮಣೆ ಜಾರಿ ಅತ್ತೆ ನನ್ನ ಮೇಲೇ ಬಿದ್ದರು. "ನಾನಿನ್ನು ಎಲ್ಲಿಗೂ ಬರಲ್ಲಪ್ಪ" ಎಂದವರು ಒಳಗೆ ಹೋಗಿ ಗೋಡೆಗೆ ಮುಖ ಮಾಡಿ ಮಲಗಿಬಿಟ್ಟರು.

ಅದು ಇವರ ಮನಸ್ಸಿಗೆ ನಾಟಿತು. ಫೋನಿನಲ್ಲಿ ಯಾವುದೋ ವಿಡಿಯೊ ನೋಡಿ, ಕಾರಿನ ಸ್ಪ್ರಿಂಗಿನಲ್ಲಿ ಒಂದೊಂದು ಸುತ್ತು ಕತ್ತರಿಸಿದರೆ ಕಾರು ತಗ್ಗುತ್ತದೆ ಎಂದರು. ಪಂಪ್‌ಸೆಟ್ಟಿನಿಂದ ಮಿಕ್ಸಿಯವರೆಗೆ ಎಲ್ಲವನ್ನೂ ಮನೆಯಲ್ಲೇ ಬಿಚ್ಚುವವರು. ನನ್ನ ಮಾತು ನಡೆಯಲಿಲ್ಲ.

ಭಾನುವಾರ ಬೆಳಗ್ಗೆ ಗೌರಿಬಿದನೂರಿನಿಂದ ಮೈದುನ ಕಟಿಂಗ್ ಮಷೀನ್ ತಂದ. ರೇಷ್ಮೆ ಹುಳುಮನೆಯ ಮುಂದೆ ಜಾಕಿ ಕೊಟ್ಟು, ಚಕ್ರ ಬಿಚ್ಚಿ, ಶಾಕ್ ಅಬ್ಸಾರ್ಬರ್ ಸಮೇತ ಸ್ಪ್ರಿಂಗನ್ನು ಹೊರತೆಗೆದರು. ನಾನು ಹುಳುಗಳಿಗೆ ಸೊಪ್ಪು ಹೆಚ್ಚುತ್ತಾ ಬಾಗಿಲಲ್ಲೇ ಕೂತೆ.

"ಅತ್ತಿಗೆ, ಇದು ಅದುಮ್ಕೊಂಡು ಕೂತಿರತ್ತೆ. ಮೇಲಿನ ನಟ್ಟೊಂದೇ ಹಿಡ್ಕೊಂಡಿರೋದು," ಎಂದ ಮೈದುನ. "ಚಿಂತಾಮಣೀಲಿ ಒಬ್ಬ ಸ್ಪ್ರಿಂಗ್ ಕಟ್ಟದೆ ನಟ್ಟು ಬಿಚ್ಚಿ, ಅದು ಹಾರಿ ಶೆಡ್ಡಿನ ಶೀಟೇ ತೂತಾಯ್ತು."

"ಮನುಷ್ಯ?"

"ಪಕ್ಕದಲ್ಲಿದ್ದ, ಬಚಾವು."

ಅವನು ನಗುತ್ತಲೇ ಹೇಳಿದ. ನನ್ನ ಕೈ ಸೊಪ್ಪಿನ ಮೇಲೆ ನಿಂತುಹೋಯಿತು. ಆಮೇಲೆ ಆ ಸ್ಪ್ರಿಂಗ್ ನನಗೆ ವಿಷಲ್ ಕಟ್ಟಿಕೊಂಡ ಕುಕ್ಕರಿನ ಹಾಗೆ ಕಾಣತೊಡಗಿತು. ಸದ್ದಿಲ್ಲ, ಆದರೆ ಹತ್ತಿರ ಹೋಗಲು ಧೈರ್ಯವಿಲ್ಲ.

ನಟ್ಟು ತುಕ್ಕು ಹಿಡಿದು ಜಪ್ಪಯ್ಯ ಅಂದರೂ ಅಲುಗಲಿಲ್ಲ. ಸ್ಪ್ರಿಂಗನ್ನು ಬಿಗಿಯಲು ಎತ್ತಿನ ಸರಪಳಿ ತರುತ್ತೇನೆಂದು ಮೈದುನ ಕೊಟ್ಟಿಗೆಗೆ ಹೋದ. ಇವರಿಗೆಲ್ಲಿಯ ತಾಳ್ಮೆ? ಮಷೀನ್ ಹಚ್ಚಿ ನಟ್ಟಿಗೇ ಹಿಡಿದರು. ಕಿಡಿ ಹಾರಿತು.

ಕೊಟ್ಟಿಗೆಯಿಂದ ಮೈದುನ ಕೂಗಿದ: "ಅಣ್ಣಾ, ಮೊದ್ಲು ಕಟ್ಟು!"

"ಕಟ್ ತಾನೆ? ಮಾಡ್ತಾ ಇದೀನಿ!"

"ಕಟ್ಟೂ ಅಂದೆ!"

"ಆಯ್ತು ಕಣೋ, ಅರ್ಧ ಆಯ್ತು!"

ಒಬ್ಬನು ಬಿಗಿ ಅನ್ನುತ್ತಿದ್ದಾನೆ, ಇನ್ನೊಬ್ಬರಿಗೆ ಕತ್ತರಿಸು ಅಂತ ಕೇಳುತ್ತಿದೆ. ಇವರ ಮುಖ ನಟ್ಟಿನ ನೇರಕ್ಕಿತ್ತು. ನಾನು ಕೂಗಿದರೂ ಇವರಿಗೆ ಅದೇ ಕೇಳಿಸೀತು. ಮಷೀನಿನ ವೈರು ನನ್ನ ಪಕ್ಕದ ಪ್ಲಗ್ಗಿನಲ್ಲಿತ್ತು. ಕಿತ್ತೆ.

ಮಷೀನ್ ಗೊರಗುಟ್ಟಿ ನಿಂತಿತು. "ಕರೆಂಟ್ ಹೋಯ್ತೇನೇ?" ಎನ್ನುತ್ತಾ ಇವರು ಎದ್ದು ನನ್ನ ಕಡೆಗೆ ನಾಲ್ಕು ಹೆಜ್ಜೆ ಬಂದರು. ಐದನೆಯದು ಇಡುವಷ್ಟರಲ್ಲಿ ಅರ್ಧ ಕತ್ತರಿಸಿದ ನಟ್ಟು ತಾನೇ ಕಿತ್ತು ಢಮಾರ್ ಎಂದಿತು.

ಇವರು ಕೂತಿದ್ದ ಜಾಗದ ಮೇಲಿಂದಲೇ ಸ್ಪ್ರಿಂಗ್ ಹಾರಿ, ಗೋಡೆಗೆ ಒರಗಿಸಿದ್ದ ಚಂದ್ರಿಕೆಯೊಳಗೆ ನುಗ್ಗಿತ್ತು. ಹಣ್ಣಾದ ಹುಳು ಗೂಡು ಕಟ್ಟಲೆಂದು ಇಟ್ಟ ಬಿದಿರಿನ ಚಾಪೆ ಅದು. ಅದನ್ನು ಹರಿದು ಅಲ್ಲೇ ಸಿಕ್ಕಿಕೊಂಡು ಸ್ಪ್ರಿಂಗ್ ತೂಗುತ್ತಿತ್ತು.

ಕೊಟ್ಟಿಗೆಯಿಂದ ಓಡಿಬಂದ ಮೈದುನ ಸರಪಳಿ ಹಿಡಿದು ನಿಂತಲ್ಲೇ ನಿಂತ. ಇವರು ಮೂಗು, ಕೆನ್ನೆ, ಕಣ್ಣು ಒಂದೊಂದಾಗಿ ಮುಟ್ಟಿ ನೋಡಿಕೊಂಡರು.

"ಏಮಪ್ಪಾ, ಏನೋ ಅದು ಸದ್ದು?" ಒಳಗಿಂದ ಅತ್ತೆ.

"ಏನಿಲ್ಲಮ್ಮ, ತಗಡು ಬಿತ್ತು." ಎಂದರು ಇವರು, ಕೈ ಇನ್ನೂ ಮೂಗಿನ ಮೇಲೇ.

ಅತ್ತೆ ಗೋಡೆ ಹಿಡಿದು ಜಗಲಿಗೆ ಬಂದರು. ವಾಲಿದ ಕಾರು, ಹರಿದ ಚಂದ್ರಿಕೆ, ಕೈಯಲ್ಲಿ ವೈರು ಹಿಡಿದು ಕೂತ ನಾನು. ಎಲ್ಲವನ್ನೂ ನೋಡಿದರು.

"ನನ್ನ ಮಂಡಿಗೋಸ್ಕರ ತಲೆ ಕಳ್ಕೊಂತಿದ್ಯೇನೋ? ಕಾರ್ನ ಯಾಕೋ ಇಳಿಸ್ತೀಯ? ಈ ಜಗಲಿ ಪಕ್ಕಕ್ಕೆ ತಂದು ನಿಲ್ಸು, ನಾನೇ ಕೂತ್ಕೊಂತೀನಿ."

ಮರುದಿನ ಗ್ಯಾರೇಜಿನವರು ಬಂದು ಹಳೆಯ ಎತ್ತರದ್ದೇ ಸ್ಪ್ರಿಂಗ್ ಹಾಕಿಕೊಟ್ಟರು. ಜಗಲಿಯೂ ಕಾರಿನ ಸೀಟೂ ಹೆಚ್ಚೂಕಡಿಮೆ ಸಮ. ಅತ್ತೆ ಜಗಲಿಯಿಂದ ಸುಮ್ಮನೆ ಸರಿದು ಕೂರುತ್ತಾರೆ, ಡಾಕ್ಟರ ಹತ್ತಿರಕ್ಕೂ ಬರುತ್ತಾರೆ.

ನಾನು ಮಾತ್ರ, ಇವರು ಏನನ್ನು ಬಿಚ್ಚಲು ಕೂತರೂ, ಸೊಪ್ಪಿನ ಬುಟ್ಟಿಯನ್ನು ಪ್ಲಗ್ಗಿನ ಪಕ್ಕಕ್ಕೇ ಎಳೆದುಕೊಂಡು ಕೂರುತ್ತೇನೆ.